ಹತ್ತು ಪದಗಳ ಮೇಜು

ಮಾರ್ಚ್ 4

ಇರುವೆ,

ದಿನವಿಡೀ ಪರದೆ ನೋಡಿ ಕಣ್ಣು ಬಾತುಕೊಂಡಿದೆ, ಬರೆಯುವುದಾದರೆ ಕಾಗದದಲ್ಲಿ ಬರೆ ಅಂದಿದ್ದೆಯಲ್ಲ, ತಗೋ ಕಾಗದ. ಬಳಸದೆ ಉಳಿದ ಹಳೆಯ ಚಾರ್ಟ್ ಹಾಳೆಗಳು. ಟ್ಯಾಬ್ ಬಂದ ಮೇಲೆ ಇವನ್ನು ಕೇಳುವವರಿಲ್ಲ, ಬೀರುವಿನಲ್ಲಿ ಎರಡು ಕಟ್ಟು ಬಿದ್ದಿವೆ.

ನೀನು ಸೊಂಟ ಹಿಡಿದುಕೊಂಡು ವಾರ್ಡು ಬಿಟ್ಟು ಎರಡು ವರ್ಷವಾಯಿತು. ನರ್ಸಿಂಗ್ ಹಾಸ್ಟೆಲಿನಲ್ಲಿ ಒಂದೇ ಕೋಣೆ, ಉದ್ದಕ್ಕಿದ್ದ ನನಗೆ ಏಣಿ, ಗಿಡ್ಡಕ್ಕಿದ್ದ ನಿನಗೆ ಇರುವೆ ಅಂತ ಅಡ್ಡಹೆಸರು, ಆಮೇಲೆ ಒಂಬತ್ತು ವರ್ಷ ಒಂದೇ ಶಿಫ್ಟು. ಈಗ ನೀನು ನಮ್ಮ ಕೈಗೆ ಈ ಸಾಫ್ಟ್‌ವೇರ್ ಕೊಟ್ಟ ಕಂಪನಿಯಲ್ಲೇ ತಿರುಗುವ ಕುರ್ಚಿಯ ಮೇಲೆ ಕೂತಿದ್ದೀಯ. ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಹೊಟ್ಟೆಕಿಚ್ಚೇ ಅಂತಿಟ್ಟುಕೋ.

ವಿಷಯಕ್ಕೆ ಬರುತ್ತೇನೆ. ನಿಮ್ಮ ಟ್ಯಾಬಿನ ಆ ಕೆಂಪು ಪೆಟ್ಟಿಗೆ ನನ್ನ ಪ್ರಾಣ ತಿನ್ನುತ್ತಿದೆ. ರೋಗಿಯ ಕೈಪಟ್ಟಿ ಸ್ಕ್ಯಾನ್ ಮಾಡು, ಔಷಧಿ ಸ್ಕ್ಯಾನ್ ಮಾಡು, ತಕ್ಷಣ ಎದ್ದು ನಿಲ್ಲುತ್ತದೆ: ‘ಎಚ್ಚರಿಕೆ. ಮುಂದುವರಿಯುವುದು ಖಚಿತವೇ?’ ಇಂಜೆಕ್ಷನ್ನಿಗೆ, ಈ ರೋಗಿಯ ಕಿಡ್ನಿಗೆ ಡೋಸು ಹೆಚ್ಚಾಯಿತು ಅಂತ ಕೇಳಿದರೆ ಒಪ್ಪುತ್ತೇನೆ. ಸಲೈನ್ ಬಾಟಲಿಗೂ ಖಚಿತವೇ, ಜ್ವರದ ಮಾತ್ರೆಗೂ ಖಚಿತವೇ. ನಿನ್ನೆ ಒಂದು ಶಿಫ್ಟಿನಲ್ಲಿ ನೂರ ಎಂಬತ್ತಾರು ಸಲ ‘ಖಚಿತ’ ಒತ್ತಿದ್ದೇನೆ, ಹಟ ಹಿಡಿದು ಎಣಿಸಿದೆ. ಮದುವೆಯಲ್ಲೂ ಇಷ್ಟು ಸಲ ಯಾರೂ ನನ್ನನ್ನು ಕೇಳಿರಲಿಲ್ಲ. ಈಗ ಓದುವುದನ್ನೇ ಬಿಟ್ಟಿದ್ದೇನೆ, ಕೆಂಪು ಕಂಡರೆ ಹೆಬ್ಬೆರಳು ತಾನೇ ಹೋಗುತ್ತದೆ. ಅದು ಒಳ್ಳೆಯದಲ್ಲ ಅಂತ ನನಗೂ ಗೊತ್ತು.

ಭಾನುವಾರ ಕೂತು ನಿಮ್ಮ ಫೀಡ್‌ಬ್ಯಾಕ್ ಜಾಗದಲ್ಲಿ ನೆಟ್ಟಗೆ ಬರೆದು ಹಾಕಿದೆ: ‘ಸಲೈನಿಗೂ ಜ್ವರದ ಮಾತ್ರೆಗೂ ಈ ಪೆಟ್ಟಿಗೆ ಬೇಡ, ಆದರೆ ಕಿಡ್ನಿ ಸೋತವರಿಗೆ ಇಂಜೆಕ್ಷನ್ ಕೊಡುವಾಗ ಮಾತ್ರ ತೆಗೆಯಬೇಡಿ.’ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಅಂತ ಉತ್ತರ ಬಂತು. ಅಲ್ಲಿಗೆ ಮುಗಿಯಿತು. ಅಲ್ಲಿ ಯಾರಾದರೂ ಮನುಷ್ಯರು ಕೂತಿದ್ದೀರಾ?

ಸೊಂಟಕ್ಕೆ ಬಿಸಿನೀರಿನ ಶಾಖ ಕೊಡುತ್ತಿರು.

ಇನ್ನೂ ನಿಂತೇ ಇರುವ,
ಏಣಿ

ಮಾರ್ಚ್ 15

ಪ್ರೀತಿಯ ಏಣಿ,

ಮನುಷ್ಯರು ಕೂತಿದ್ದೇವೆ. ನಾನೇ ಕೂತಿದ್ದೇನೆ. ನಿನ್ನ ದೂರು ನನ್ನ ಮೇಜಿಗೇ ಬಂತು, ಓದಿ ಒಬ್ಬಳೇ ನಕ್ಕೆ, ಆಚೆ ಸಾಲಿನವರು ತಿರುಗಿ ನೋಡಿದರು.

ಇಲ್ಲಿಯ ಕೆಲಸ ಹೇಗೆ ಅಂತ ಹೇಳುತ್ತೇನೆ. ದಿನಕ್ಕೆ ಎಂಟುನೂರು ದೂರು ಬರುತ್ತವೆ. ಒಂದೊಂದನ್ನೂ ಹತ್ತು ಪದಕ್ಕೆ ಮೀರದಂತೆ ಇಳಿಸಿ ಒಂದು ತಲೆಬರಹದ ಕೆಳಗೆ ಹಾಕಬೇಕು. ಮ್ಯಾನೇಜರ್ ಪೂರ್ತಿ ಯಾವುದನ್ನೂ ಓದುವುದಿಲ್ಲ, ಓದಲು ಅವರಿಗೆ ಪುರುಸೊತ್ತೂ ಇಲ್ಲ. ಸೋಮವಾರ ಬೆಳಗ್ಗೆ ಗೋಡೆಯ ಮೇಲೆ ತಲೆಬರಹಗಳ ಪಟ್ಟಿ ಬರುತ್ತದೆ, ಪಕ್ಕದಲ್ಲಿ ಸಂಖ್ಯೆ. ಮೇಲಿನ ಮೂರಕ್ಕೆ ಮಾತ್ರ ಎಂಜಿನಿಯರುಗಳು ಕೈ ಹಾಕುತ್ತಾರೆ. ನಾಲ್ಕನೆಯದು ಮುಂದಿನ ವಾರ ಮತ್ತೆ ಸಾಲಿಗೆ ನಿಲ್ಲಬೇಕು.

ನಿನ್ನ ತಲೆಬರಹ ಈಗ ಇಪ್ಪತ್ತೊಂದನೆಯದು. ಹಾಗಾಗಿ ನಾನು ಹೇಳಿದ ಹಾಗೆ ಮಾಡು. ಒಬ್ಬಳು ಉದ್ದಕ್ಕೆ ಬರೆದರೆ ಇಲ್ಲಿ ಅದು ಒಂದು ಅಷ್ಟೇ. ವಾರ್ಡಿನವರೆಲ್ಲ ಒಂದೇ ಸಾಲು ಕಳಿಸಲಿ, ಚಿಕ್ಕದಾಗಿ: ‘ಎಚ್ಚರಿಕೆ ಪೆಟ್ಟಿಗೆ ಬೇಡ.’ ಬೇರೆ ಬೇರೆ ಥರ ಬರೆದರೆ ಬೇರೆ ಬೇರೆ ತಲೆಬರಹಕ್ಕೆ ಹಂಚಿಹೋಗುತ್ತದೆ. ಪಕ್ಕದ ವಾರ್ಡುಗಳಿಗೂ ಹೇಳು.

ನಾನೂ ಒಂಬತ್ತು ವರ್ಷ ನಿಂತವಳು ಕಣೇ. ನಿಮಗಾಗಿ ಒಂದಾದರೂ ಒಳ್ಳೆಯದು ಮಾಡದಿದ್ದರೆ ಈ ಕುರ್ಚಿ ನನಗೆ ಯಾಕೆ?

ನಿನ್ನ,
ಇರುವೆ

ಮಾರ್ಚ್ 29

ಇರುವೆ,

ಮಾಡಿದೆ. ಶಿಫ್ಟು ಬದಲಾಗುವ ಹೊತ್ತಿಗೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹಿಡಿದೆ. ‘ಕಳಿಸಿದ್ಯಾ? ತೋರಿಸು. ಹೋಗು.’ ಹೆಡ್ ಸಿಸ್ಟರ್ ಕೂಡ ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಒತ್ತಿ ಕಳಿಸಿದರು. ನಮ್ಮ ಮಹಡಿಯಿಂದ ಐವತ್ತೇಳು. ಮೇಲಿನ ಎರಡು ಮಹಡಿಯವರೂ ಶುರುಮಾಡಿದ್ದಾರೆ.

ಕಳಿಸುವಾಗ ಒಬ್ಬಳು ಕೇಳಿದಳು, ‘ಅಕ್ಕಾ, ಇಂಜೆಕ್ಷನ್ನಿಗೂ ಬೇಡವಾ?’ ಅಂತ. ಅದನ್ನು ನಾನು ಆಗಲೇ ಬರೆದಿದ್ದೇನೆ, ಒಳಗೆ ನಮ್ಮವಳೇ ಇದ್ದಾಳೆ, ನೋಡಿಕೊಳ್ಳುತ್ತಾಳೆ ಅಂದೆ. ನೋಡಿಕೊಳ್ಳುತ್ತೀಯ ತಾನೆ?

ಅತ್ತೆ ನಿನ್ನನ್ನು ಕೇಳಿದರು. ‘ಕೂತು ದುಡಿಯೋ ಕೆಲಸ ಸಿಕ್ಕಿದೆ, ಪುಣ್ಯವಂತೆ’ ಅಂತ ದಿನಕ್ಕೆ ಒಂದು ಸಲವಾದರೂ ನನಗೆ ಕೇಳಿಸುವ ಹಾಗೆ ಹೇಳುತ್ತಾರೆ.

ಐವತ್ತೇಳು ಜನರ ಪರವಾಗಿ,
ಏಣಿ

ಏಪ್ರಿಲ್ 20

ಪ್ರೀತಿಯ ಏಣಿ,

ಒಂದನೆಯದು. ಗೋಡೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ. ಬೇರೆ ಆಸ್ಪತ್ರೆಗಳದೂ ಸೇರಿ ನಾಲ್ಕುನೂರ ಹನ್ನೆರಡು. ಮ್ಯಾನೇಜರ್ ನನ್ನನ್ನು ನಿಲ್ಲಿಸಿ, ‘ವಾರ್ಡಿನ ನಾಡಿ ಗೊತ್ತಿರೋರು ನಮ್ಮಲ್ಲಿ ಇವರೊಬ್ಬರೇ’ ಅಂದರು, ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಈ ಕಟ್ಟಡದಲ್ಲಿ ಯಾರಾದರೂ ಚಪ್ಪಾಳೆ ತಟ್ಟಿದ್ದು ಇದೇ ಮೊದಲು. ಮನೆಗೆ ಹೋಗಿ ಅಕ್ಕನ ಹತ್ತಿರ ಎರಡು ಸಲ ಹೇಳಿದೆ.

ಮೇ ತಿಂಗಳ ಹೊಸ ಆವೃತ್ತಿಯಲ್ಲಿ ಪೆಟ್ಟಿಗೆ ಇರುವುದಿಲ್ಲ. ಇನ್ನು ನಿನ್ನ ಹೆಬ್ಬೆರಳಿಗೆ ವಿಶ್ರಾಂತಿ.

ಆತುರದಲ್ಲಿ,
ಇರುವೆ

ಜೂನ್ 11

ಇರುವೆ,

ವಾರ್ಡು ತಣ್ಣಗಾಗಿದೆ. ಹತ್ತು ಗಂಟೆಯ ಔಷಧಿ ಹತ್ತು ಗಂಟೆಗೇ ಮುಗಿಯುತ್ತದೆ. ರೋಗಿಗಳ ಮುಖ ನೋಡಲು ಪುರುಸೊತ್ತು ಸಿಕ್ಕಿದೆ. ಎಲ್ಲರೂ ನಿನಗೆ ವಂದನೆ ಹೇಳಿದ್ದಾರೆ, ಹೆಡ್ ಸಿಸ್ಟರ್ ಎಲ್ಲರಿಗಿಂತ ಹೆಚ್ಚು.

ಇಂಜೆಕ್ಷನ್ನಿನ ಪೆಟ್ಟಿಗೆ ಮಾತ್ರ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ, ಈಚೆಗೆ ಕಿಡ್ನಿ ಸೋತ ರೋಗಿ ಬಂದಿಲ್ಲ. ಇರಬೇಕು.

ಋಣಿ,
ಏಣಿ

ಸೆಪ್ಟೆಂಬರ್ 2

ಇರುವೆ,

ನಿನಗೆ ಸುದ್ದಿ ಮುಟ್ಟಿರುತ್ತದೆ. ಆದರೂ ನನ್ನ ಕೈಯಿಂದಲೇ ತಿಳಿಯಲಿ ಅಂತ ಬರೆಯುತ್ತಿದ್ದೇನೆ.

ಆಗಸ್ಟ್ ಮೊದಲ ವಾರ ಹನ್ನೊಂದನೇ ಹಾಸಿಗೆಗೆ ಒಬ್ಬ ದರ್ಜಿ ಬಂದರು. ಅರವತ್ತೆರಡು ವಯಸ್ಸು, ಕಾಲಿನ ಹುಣ್ಣು ಕೀವಾಗಿತ್ತು, ಕಿಡ್ನಿ ಮೊದಲೇ ಅರ್ಧಕ್ಕರ್ಧ ಸೋತಿತ್ತು. ಮಾತುಗಾರರು. ನನ್ನ ಯೂನಿಫಾರ್ಮಿನ ಭುಜದ ಹೊಲಿಗೆ ಓರೆ ಅಂತ ಮೊದಲ ದಿನವೇ ಹೇಳಿದರು, ನಿಜವಾಗಿಯೂ ಓರೆಯೇ ಇತ್ತು. ಡಾಕ್ಟರು ಕೀವಿಗೆ ಇಂಜೆಕ್ಷನ್ ಬರೆದರು, ದಿನಕ್ಕೆ ಮೂರು ಸಲ. ಕಿಡ್ನಿ ಸರಿಯಿರುವವರಿಗೆ ಅದು ಸರಿಯಾದ ಡೋಸು. ಇವರಿಗೆ ದಿನಕ್ಕೆ ಒಂದು ಸಲವೇ ಹೆಚ್ಚು. ಡಾಕ್ಟರು ಆವತ್ತು ಎರಡು ವಾರ್ಡು ನೋಡುತ್ತಿದ್ದರು, ಕಿಡ್ನಿಯ ರಿಪೋರ್ಟು ತೆರೆದಿರಲಿಲ್ಲ. ನಾನು ಕೈಪಟ್ಟಿ ಸ್ಕ್ಯಾನ್ ಮಾಡಿದೆ, ಔಷಧಿ ಸ್ಕ್ಯಾನ್ ಮಾಡಿದೆ. ಏನೂ ಬರಲಿಲ್ಲ. ಹಸಿರು ಟಿಕ್ ಬಂತು. ಕೊಟ್ಟೆ.

ಐದು ದಿನ ಕೊಟ್ಟೆವು. ಹಗಲಿನದ್ದೆಲ್ಲ ನನ್ನ ಕೈಯಿಂದ. ಆರನೇ ದಿನ ಮೂತ್ರ ನಿಂತಿತು, ಹದಿನೇಳನೇ ದಿನ ಮಧ್ಯಾಹ್ನ ಎರಡೂವರೆಗೆ ಹೋದರು. ಒಬ್ಬಳೇ ಮಗಳು, ಅವಳೂ ಹೊಲಿಗೆ ಕೆಲಸದವಳೇ. ಕುತ್ತಿಗೆಯಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಓಡಿ ಬಂದಿದ್ದಳು.

ನನ್ನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ವಿಚಾರಣೆ ಆಗುತ್ತದಂತೆ. ತಪ್ಪು ನನ್ನದು ಅಂತಾದರೆ ನರ್ಸುಗಳ ರಿಜಿಸ್ಟರಿನಿಂದ ಹೆಸರು ತೆಗೆಯುತ್ತಾರೆ, ಆಮೇಲೆ ಯಾವ ಊರಿನ ಯಾವ ಆಸ್ಪತ್ರೆಯಲ್ಲೂ ಒಂದು ಸೂಜಿ ಮುಟ್ಟುವಂತಿಲ್ಲ. ನನಗೆ ಬೇರೆ ಏನು ಬರುತ್ತದೆ, ನೀನೇ ಹೇಳು.

ಮನೆಯಲ್ಲಿ ಹೇಳಿಲ್ಲ. ಬೆಳಗ್ಗೆ ಆರಕ್ಕೆ ಯೂನಿಫಾರ್ಮ್ ಹಾಕಿಕೊಂಡು ಹೊರಡುತ್ತೇನೆ, ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ಎರಡರವರೆಗೆ ಕೂತು ಬರುತ್ತೇನೆ. ಮೊನ್ನೆ ಒಬ್ಬಾಕೆ ಮಗುವಿನ ಮೊಣಕಾಲು ತರಚಿದೆ ನೋಡಿ ಸಿಸ್ಟರ್ ಅಂತ ಬಂದಳು. ಬ್ಯಾಗಿನಲ್ಲಿ ಹತ್ತಿ ಇತ್ತು, ಆದರೂ ನನಗೆ ಗೊತ್ತಿಲ್ಲಮ್ಮ ಅಂದುಬಿಟ್ಟೆ.

ಆ ಪೆಟ್ಟಿಗೆ ಯಾಕೆ ಬರಲಿಲ್ಲ, ಇರುವೆ?

ಏಣಿ

ಸೆಪ್ಟೆಂಬರ್ 19

ಏಣಿ,

ನಿನ್ನ ಪತ್ರ ಬಂತು. ತುಂಬಾ ಬೇಸರವಾಯಿತು. ಈ ವಿಷಯದಲ್ಲಿ ಯಾರೊಂದಿಗೂ ಮಾತಾಡಬಾರದು, ಬರೆಯಬಾರದು ಅಂತ ನಮ್ಮ ಕಂಪನಿಯ ವಕೀಲರು ಎಲ್ಲರಿಂದ ಸಹಿ ಹಾಕಿಸಿಕೊಂಡಿದ್ದಾರೆ. ಆದ್ದರಿಂದ ಹೆಚ್ಚು ಬರೆಯಲಾರೆ. ಆರೋಗ್ಯ ನೋಡಿಕೋ. ಧೈರ್ಯವಾಗಿರು.

ಇಂತಿ,
ಇರುವೆ

ಅಕ್ಟೋಬರ್ 8

ಸಹಿ ಹಾಕಿದವಳಿಗೆ,

ಧೈರ್ಯವಾಗಿರು ಅಂತ ಬರೆಯಲು ನಿನಗೆ ಹದಿನೇಳು ದಿನ ಬೇಕಾಯಿತಾ?

ನಿಮ್ಮ ವಕೀಲರು ವಿಚಾರಣಾ ಸಮಿತಿಗೆ ಕೊಟ್ಟ ಕಾಗದದ ಪ್ರತಿ ನನಗೂ ಕೊಟ್ಟರು. ಒಟ್ಟು ಐವತ್ತೆಂಟು ಸಾಲು, ಎಲ್ಲವೂ ನಮ್ಮ ಮಹಡಿಯವು. ‘ಎಚ್ಚರಿಕೆ ಪೆಟ್ಟಿಗೆ ಬೇಡ. ಎಚ್ಚರಿಕೆ ಪೆಟ್ಟಿಗೆ ಬೇಡ.’ ಕೆಳಗೆ ಹೀಗೆ ಬರೆದಿದ್ದಾರೆ: ಬಳಕೆದಾರರೇ ಕೇಳಿದರು, ನಾವು ತೆಗೆದೆವು, ಇವರೇ ಮುಂದೆ ನಿಂತು ಕಳಿಸಿದ್ದಕ್ಕೆ ಸಾಕ್ಷಿಗಳಿದ್ದಾರೆ. ಎಲ್ಲಕ್ಕಿಂತ ಮೇಲೆ ನನ್ನ ಹೆಸರು. ನನ್ನ ಹೆಸರಿನ ಮುಂದೆ: ‘ಪದೇ ಪದೇ ಬರುವ ಎಚ್ಚರಿಕೆ ಪೆಟ್ಟಿಗೆ ಬೇಡ.’

ನಾನು ಬರೆದದ್ದು ಅದಲ್ಲ. ನನ್ನ ‘ಆದರೆ’ ಎಲ್ಲಿ ಹೋಯಿತು? ಕಿಡ್ನಿ ಸೋತವರ ಮಾತು ಎಲ್ಲಿ ಹೋಯಿತು? ಯಾರು ಕತ್ತರಿಸಿದರು?

ಯಾರು ಅಂತ ನನಗೆ ಗೊತ್ತಿದೆ. ನಿನ್ನ ಬಾಯಿಂದ ಕೇಳಬೇಕು.

ಅತ್ತೆಗೆ ಗೊತ್ತಾಯಿತು. ನಿಲ್ದಾಣದಲ್ಲಿ ಯಾರೋ ನೋಡಿ ಹೇಳಿದರಂತೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ. ಯೂನಿಫಾರ್ಮ್ ಒಗೆದು ಮಡಚಿ ಪೆಟ್ಟಿಗೆಯ ತಳದಲ್ಲಿಟ್ಟು, ‘ಬೇಕಾದಾಗ ತೆಗೀಬಹುದು’ ಅಂದರು. ನಮ್ಮವರು ಒಂದು ವಾರದಿಂದ ನನ್ನೆದುರು ಪೇಪರ್ ಓದುವುದನ್ನು ಬಿಟ್ಟಿದ್ದಾರೆ, ಅದರಲ್ಲಿ ಏನಾದರೂ ಬಂದಿರುತ್ತದೆ ಅಂತ.

ಡಿಸೆಂಬರ್ 3ಕ್ಕೆ ವಿಚಾರಣೆ. ಪೂರ್ತಿ ಸಾಲು ನಿಮ್ಮ ಮಷಿನ್ನಿನಲ್ಲಿ ಇದ್ದರೆ ನನ್ನ ಹೆಸರು ಉಳಿಯುತ್ತದೆ. ಇಲ್ಲವಾದರೆ ಇಲ್ಲ.

ಏಣಿ

ನವೆಂಬರ್ 6

ಏಣಿ,

ನಾನೇ ಕತ್ತರಿಸಿದೆ.

ಎಷ್ಟೋ ದಿನದಿಂದ ಈ ಎರಡು ಪದ ಬರೆಯಲು ಕೂತು ಎದ್ದಿದ್ದೇನೆ. ಇನ್ನು ಉಳಿದದ್ದನ್ನೂ ಬರೆಯುತ್ತೇನೆ. ನಿನ್ನ ಸಾಲು ಹದಿಮೂರು ಪದ ಇತ್ತು. ಹತ್ತಕ್ಕೆ ಇಳಿಸಬೇಕಿತ್ತು. ಸ್ವಲ್ಪ ತಲೆ ಓಡಿಸಿದ್ದರೆ ಕಿಡ್ನಿಯ ಮಾತೂ ಹಿಡಿಸುತ್ತಿತ್ತು, ಮೊನ್ನೆ ಕೂತು ನೋಡಿದೆ, ಒಂಬತ್ತರಲ್ಲೇ ಹಿಡಿಸುತ್ತದೆ. ಆದರೆ ಹಾಗೆ ಇಟ್ಟರೆ ಅದು ಬೇರೆ ತಲೆಬರಹಕ್ಕೆ ಹೋಗುತ್ತಿತ್ತು, ಅಲ್ಲಿ ಅದೊಂದೇ ನಿಂತಿರುತ್ತಿತ್ತು. ನನಗೆ ನಿನ್ನ ದೂರು ಮೇಲೆ ಹೋಗಬೇಕಿತ್ತು. ಅದಕ್ಕೇ ಆರು ಪದಕ್ಕೆ ಇಳಿಸಿ ಮಿಕ್ಕಿದ್ದನ್ನು ತೆಗೆದೆ. ಮೊದಲು ಪೆಟ್ಟಿಗೆ ಹೋಗಲಿ, ಆಮೇಲೆ ಎಂಜಿನಿಯರಿಗೆ ಬಾಯಿಮಾತಿನಲ್ಲಿ ಹೇಳಿದರಾಯಿತು ಅಂದುಕೊಂಡೆ. ಆಮೇಲೆ ಚಪ್ಪಾಳೆ ಬಂತು. ಹೇಳಲು ಮರೆತೆ ಅಂತ ಬರೆಯಬೇಕೆಂದಿದ್ದೆ, ಅದೂ ಸುಳ್ಳು. ನೆನಪಿತ್ತು. ಚಪ್ಪಾಳೆ ತಟ್ಟಿದ ವಾರವೇ ಹೋಗಿ ‘ಅರ್ಧ ಬಿಟ್ಟಿದ್ದೆ’ ಅನ್ನಲು ನಾಚಿಕೆಯಾಯಿತು.

ಅವರು ಪೆಟ್ಟಿಗೆಯನ್ನು ಮತ್ತೆ ಹಾಕಿದ್ದಾರೆ, ಎಲ್ಲದಕ್ಕೂ, ಸಲೈನಿಗೂ. ಆ ಸೋಮವಾರವೇ ‘ಬೇಡ’ ಅಂತ ಇನ್ನೂರ ಮೂವತ್ತು ದೂರು ಬಂದವು. ನಾನು ಅವನ್ನು ಒಂದೊಂದಾಗಿ ಕೊನೆಯವರೆಗೆ ಓದುತ್ತಿದ್ದೇನೆ, ಇಳಿಸುತ್ತಿಲ್ಲ. ‘ಇವರ ಮೇಜಿನ ಕೆಲಸ ಹಿಂದೆ ಬಿದ್ದಿದೆ’ ಅಂತ ಮ್ಯಾನೇಜರ್ ಎಲ್ಲರೆದುರು ಹೇಳಿದರು.

ನಿನ್ನ ಪೂರ್ತಿ ಸಾಲು ಮಷಿನ್ನಿನಲ್ಲಿ ಇದೆ, ದಿನಾಂಕದ ಸಮೇತ. ಪ್ರಿಂಟ್ ತೆಗೆದು ರವಿಕೆಯೊಳಗೆ ಇಟ್ಟುಕೊಂಡು ಹೊರಗೆ ತಂದೆ. ಬಾಗಿಲ ಕಾವಲಿನವರು ಬ್ಯಾಗು ಮಾತ್ರ ನೋಡುತ್ತಾರೆ. ಮೂರನೇ ತಾರೀಕು ಬರುತ್ತೇನೆ. ಬಂದ ಮೇಲೆ ಈ ಕೆಲಸ ಇರುವುದಿಲ್ಲ, ಅಕ್ಕನಿಗೆ ಹೇಳಿದ್ದೇನೆ. ಅವಳು ಎಷ್ಟು ಗಂಟೆಗೆ ಹೊರಡಬೇಕು ಅಂತ ಕೇಳಿದಳು.

ನೀನು ನನ್ನ ಜೊತೆ ಮಾತಾಡಬೇಕಾಗಿಲ್ಲ. ನಾನು ಹೇಳಬೇಕಾದದ್ದನ್ನು ಹೇಳಿ ಹೋಗುತ್ತೇನೆ.

ಇರುವೆ

ಡಿಸೆಂಬರ್ 9

ಇರುವೆ,

ನೀನು ಹೇಳಿ ಮುಗಿಸಿ ಹಿಂದಿನ ಗೇಟಿನಿಂದ ಹೋದೆಯಂತೆ. ನಿನ್ನನ್ನು ಕೆಲಸದಿಂದ ತೆಗೆದ ಕಾಗದ ಬರುವ ಹೊತ್ತಿಗೆ ಅಲ್ಲಿ ಆಮೇಲೆ ಏನಾಯಿತು ಅಂತ ನಿನಗೆ ಗೊತ್ತಿರಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಸಮಿತಿಯಲ್ಲಿ ಮೂವರಿದ್ದರು, ನೋಡಿದೆಯಲ್ಲ. ನೀನು ಹೋದ ಮೇಲೆ ಮಧ್ಯದಲ್ಲಿ ಕೂತಿದ್ದ ಹಿರಿಯ ಡಾಕ್ಟರು ನಿನ್ನ ಕಾಗದವನ್ನು ಎರಡು ಸಲ ಓದಿದರು. ‘ಈ ಸಿಸ್ಟರ್ ಮೊದಲೇ ಹೇಳಿದ್ದಾರಲ್ರೀ, ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳಬೇಕು?’ ಅಂತ ನಿಮ್ಮ ವಕೀಲರನ್ನು ಕೇಳಿದರು. ವಕೀಲರು ನೀರು ಕುಡಿದರು. ನನ್ನ ಹೆಸರು ಉಳಿಯಿತು ಅಂತ ನನಗೆ ಆಗಲೇ ಗೊತ್ತಾಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆಯ ಕೆಮ್ಮು ಒಳಗೆ ಕೇಳಿಸುತ್ತಿತ್ತು. ಹೋಗಿ ಹೇಳಬೇಕು ಅಂತ ಕಾಲು ಆಗಲೇ ಎದ್ದಿತ್ತು.

ಕೊನೆಗೆ ಅವರು ದರ್ಜಿಯ ಮಗಳನ್ನು ಕೇಳಿದರು, ‘ನೀವೇನಾದ್ರೂ ಕೇಳೋದಿದ್ಯಾ ಅಮ್ಮ?’ ಅಂತ. ಅವಳು ಎದ್ದು ನಿಂತಳು. ಅವಳಿಗೆ ಪೆಟ್ಟಿಗೆ, ಫೀಡ್‌ಬ್ಯಾಕ್ ಇದೆಲ್ಲ ಬೇಕಿರಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು:

‘ಅಪ್ಪ ಏನೂ ಹೇಳ್ಲೇ ಇಲ್ವಾ ಸಿಸ್ಟರ್? ಅವ್ರು ಒಂದು ಗುಂಡಿ ಕಿತ್ತುಹೋದ್ರೂ ಹೇಳೋರು. ಐದು ದಿನ ಸುಮ್ನೆ ಹಾಕಿಸ್ಕೊಂಡ್ರಾ?’

ಇರುವೆ, ನಿನಗೂ ಬರೆಯದೆ ಇದ್ದದ್ದು ಇದೊಂದೇ. ಯಾರಿಗೂ ಹೇಳಿರಲಿಲ್ಲ. ಅವರು ಹೇಳಿದ್ದರು. ಮೂರನೇ ದಿನ ಬೆಳಗ್ಗೆ ಕಿವಿಯಲ್ಲಿ ಸದ್ದಾಗುತ್ತಿದೆ ಅಂದರು. ನಾಲ್ಕನೇ ದಿನ ಮತ್ತೆ ಅಂದರು. ಐದನೇ ದಿನ ನನ್ನ ತೋಳು ಹಿಡಿದು ಹೇಳಿದರು, ಜೋರಾಗಿ ಹೇಳಿದರು, ಆಗಲೇ ಅವರಿಗೆ ತಮ್ಮ ಮಾತೇ ಸರಿಯಾಗಿ ಕೇಳಿಸುತ್ತಿರಲಿಲ್ಲ ಅಂತ ಕಾಣುತ್ತದೆ. ಆ ಇಂಜೆಕ್ಷನ್ ಮೈಗೆ ಹೆಚ್ಚಾಗಿದೆ ಅನ್ನುವುದಕ್ಕೆ ಮೊದಲ ಗುರುತೇ ಕಿವಿ. ಎರಡನೇ ವರ್ಷದ ಪಾಠ, ನೀನೂ ನಾನೂ ಒಂದೇ ಪುಸ್ತಕದಲ್ಲಿ ಓದಿದ್ದು. ಮೂರನೇ ದಿನ ನಿಲ್ಲಿಸಿದ್ದರೆ ಬಹುಶಃ ಬದುಕುತ್ತಿದ್ದರು. ನಾನು ನಿಲ್ಲಿಸಲಿಲ್ಲ, ಡಾಕ್ಟರಿಗೆ ಹೇಳಲಿಲ್ಲ. ಟ್ಯಾಬಿನಲ್ಲಿ ಕಿವಿಗೆ ಅಂತ ಜಾಗ ಇರಲಿಲ್ಲ, ಬೇರೆ ಕಡೆ ಬರೆಯಲು ಬೇಸರವಾಯಿತು. ನಿನ್ನ ಮೇಲೆ ಹಾಗೆ ಹರಿಹಾಯ್ದು ಪತ್ರ ಬರೆಯುವಾಗಲೂ ಇದು ನನ್ನ ಹೊಟ್ಟೆಯಲ್ಲೇ ಇತ್ತು.

ಆ ಕೋಣೆಯಲ್ಲಿ ಇದು ಗೊತ್ತಿದ್ದವಳು ನಾನೊಬ್ಬಳೇ. ‘ಇಲ್ಲಮ್ಮ’ ಅಂದಿದ್ದರೆ ಆಗಿಹೋಗುತ್ತಿತ್ತು. ನೀನು ಅನ್ನ ಕೊಡುವ ಕೆಲಸ ಬಿಟ್ಟು ಬಂದದ್ದಕ್ಕೆ ಅರ್ಥ ಇರುತ್ತಿತ್ತು. ನಿನ್ನನ್ನು ನೆನೆಸಿಕೊಂಡೆ, ಅತ್ತೆಯನ್ನು ನೆನೆಸಿಕೊಂಡೆ, ಬಾಯಲ್ಲಿ ‘ಇಲ್ಲ’ ಬಂದೇ ಬಿಟ್ಟಿತ್ತು. ಆ ಹುಡುಗಿ ನನ್ನ ಮುಖ ನೋಡುತ್ತಾ ನಿಂತಿದ್ದಳು.

‘ಹೇಳಿದ್ರಮ್ಮ. ಮೂರು ಸಲ ಹೇಳಿದ್ರು’ ಅಂದೆ.

ಹಿರಿಯ ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ, ಬರೆದುಕೊಂಡರು. ನಿನ್ನೆ ಆದೇಶ ಬಂತು. ಹೆಸರು ತೆಗೆದಿದ್ದಾರೆ. ನಿನ್ನ ಕೆಲಸವೂ ಹೋಯಿತು, ನನ್ನದೂ ಉಳಿಯಲಿಲ್ಲ. ನಿನ್ನನ್ನು ಕ್ಷಮಿಸುವ ಜಾಗದಲ್ಲಿ ನಾನಿಲ್ಲ. ನನ್ನನ್ನು ಕ್ಷಮಿಸು ಅಂತ ಕೇಳುವ ಮುಖವೂ ಇಲ್ಲ.

ವಿಚಾರಣೆಯ ದಿನ ಮೆಟ್ಟಿಲಿಳಿಯುವಾಗ ದರ್ಜಿಯ ಮಗಳು ಹಿಂದೆಯೇ ಬಂದಳು. ಹೊಡೆಯುತ್ತಾಳೆ ಅಂದುಕೊಂಡು ನಿಂತೆ. ಹೊಡೆದಿದ್ದರೆ ತಡೆಯುತ್ತಿರಲಿಲ್ಲ. ‘ಸರಿಯಾಗಿ ಏನಂದ್ರು?’ ಅಂತ ಕೇಳಿದಳು. ಕಿವಿ ಸದ್ದು ಅಂದರು ಅಂದೆ. ‘ಹಾಗಲ್ಲ. ಅಪ್ಪ ಹೇಗೆ ಹೇಳಿದ್ರೋ ಹಾಗೇ ಹೇಳಿ’ ಅಂದಳು. ಹೇಳಿದೆ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು, ಇನ್ನೊಂದು ಸಲ ಹೇಳಿ ಅಂದಳು. ನಾನೂ ಪಕ್ಕದಲ್ಲಿ ಕೂತು ಮೊದಲಿನಿಂದ ಹೇಳಿದೆ:

‘ಸಿಸ್ಟರ್, ಕಿವಿಯೊಳಗೆ ಯಾರೋ ಮಿಷನ್ ತುಳೀತಾನೇ ಇದ್ದಾರೆ, ನಿಲ್ಲಿಸ್ತಾನೇ ಇಲ್ಲ. ನನ್ನ ಮಗಳು ನಿನ್ನೆ ಏನೋ ಹೇಳಿದ್ಲು, ಅದು ಕೇಳಿಸ್ಲೇ ಇಲ್ಲ. ಸುಮ್ನೆ ತಲೆಯಾಡಿಸ್ದೆ. ಅವ್ಳಿಗೆ ಹೇಳ್ಬೇಡಿ, ಹೆದರ್ತಾಳೆ. ನೀವೊಂಚೂರು ನೋಡಿ.’

ಏಣಿ